ಶಿವಣ್ಣ ಮಾವನ ಎಡೆಗೆ ಕುಸ್ಕುಸ್

ಕೋಳಿಯ ಪಕ್ಕದಲ್ಲಿ ದ್ರಾಕ್ಷಿ ಕಂಡು ಮೂಗು ಮುರಿಯುವವರನ್ನು ನಾನು ಎರಡನೇ ಸಲ ಊಟಕ್ಕೆ ಕರೆಯುವುದಿಲ್ಲ. ಈ ವಯಸ್ಸಿಗೆ ಇಷ್ಟು ಹಟವಾದರೂ ಬೇಡವೇ? ನನಗೆ ಬಾರದ ವಿದ್ಯೆಗಳು ಬೇಕಾದಷ್ಟಿವೆ, ಅವುಗಳ ಬಗ್ಗೆ ಯಾರು ಏನೆಂದರೂ ತಲೆ ತಗ್ಗಿಸಿ ಕೇಳುತ್ತೇನೆ. ಆದರೆ ಮಸಾಲೆ ಕೋಳಿ ಮತ್ತು ಅದರ ಜೊತೆಗಿಡುವ ಹಣ್ಣಿನ ಕುಸ್ಕುಸ್ ವಿಷಯದಲ್ಲಿ ನನಗೆ ಪಾಠ ಹೇಳಲು ಬರಬೇಡಿ. ಈಗೇನು, ಸಂಪಿಗೆ ರಸ್ತೆಯ ದೊಡ್ಡ ಅಂಗಡಿಗಳಲ್ಲಿ ಕುಸ್ಕುಸ್ ಡಬ್ಬಿಯಲ್ಲೇ ಸಿಗುತ್ತದೆ. ಬಿಸಿನೀರು ಸುರಿದು ಮುಚ್ಚಿಡಿ, ಆಯಿತು ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಬರೆದವರು ಅದನ್ನು ತಿಂದಿರಲಾರರು. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಯಾವುದೋ ವಿಡಿಯೊ ತೋರಿಸಿ, ಅಜ್ಜಿ, ನೀನು ಮಾಡೋದು ಇದೇ ಅಲ್ವಾ ಎಂದು ಕೇಳಿದಳು. ಅಲ್ಲ ಅಂದೆ. ಗೋಧಿ ರವೆಗೆ ನೀರು ಚಿಮುಕಿಸಿ, ಅಂಗೈಯಡಿ ಉರುಳಿಸಿ, ಸಾಸಿವೆ ಗಾತ್ರದ ಕಾಳು ಮಾಡಿ, ಕೋಳಿ ಬೇಯುವ ಪಾತ್ರೆಯ ಹಬೆಯಲ್ಲೇ ಬೇಯಿಸಬೇಕು. ಅದನ್ನು ನಾನು ಕಲಿತದ್ದು ಯಾವ ದೇಶಕ್ಕೂ ಹೋಗಿ ಅಲ್ಲ, ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ.

ಆ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಇತ್ತು. ರಸ್ತೆ ಕಡೆ ಜಗಲಿ, ದಾಟಿದರೆ ನಡುಮನೆ, ಎರಡು ಕೋಣೆ, ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ಹಿತ್ತಲ ಬಾಗಿಲು ತೆಗೆದರೆ ಹಿಂದಿನ ಗಲ್ಲಿ. ಮಾಗಡಿ ಕಡೆಯಿಂದ ಬಂದ ಗೌಡರ ಮನೆ ನಮ್ಮದು, ತಾತನಿಗೆ ಸೌದೆ ಡಿಪೋ ಇತ್ತು, ಅಪ್ಪ ಅಲ್ಲೇ ತಾತನ ಜೊತೆಗಿದ್ದರು. ಅಕ್ಕಪಕ್ಕದಲ್ಲಿ ಇದ್ದವರೆಲ್ಲ ಮೇಷ್ಟ್ರು, ಗುಮಾಸ್ತರು, ಈರುಳ್ಳಿಯನ್ನೂ ಯೋಚನೆ ಮಾಡಿ ತಿನ್ನುವ ಜನ. ಅವರ ಮೇಲಿನ ಗೌರವಕ್ಕೋ ನಮ್ಮದೇ ಮಡಿಗೋ, ನಮಗೆ ಎರಡು ಅಡುಗೆಮನೆ. ಒಳಗಿನದು ಅಮ್ಮನದು, ಅಲ್ಲಿಗೆ ಮಾಂಸದ ನೆರಳೂ ಬೀಳುವಂತಿರಲಿಲ್ಲ. ಕೋಳಿ, ಕುರಿ ಏನಿದ್ದರೂ ಹಿತ್ತಲಲ್ಲಿ, ತಗಡಿನ ಸೂರಿನ ಕೆಳಗೆ, ಸೌದೆ ಒಲೆಯ ಮೇಲೆ. ಅದಕ್ಕೆ ಪಾತ್ರೆ ಬೇರೆ, ಸೌಟು ಬೇರೆ, ಒರೆಸುವ ಬಟ್ಟೆಯೂ ಬೇರೆ. ಅದು ಅಜ್ಜಿಯ ಸಾಮ್ರಾಜ್ಯ. ಭಾನುವಾರ ಅವಳು ಸೆರಗು ಸಿಕ್ಕಿಸಿ ಹಿತ್ತಲಿಗೆ ಇಳಿದರೆ ಮೊದಲು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡುತ್ತಿದ್ದಳು. ಮೇಷ್ಟ್ರ ಮನೆ ಕಡೆಗಿದ್ದರೆ ಒಗ್ಗರಣೆಯನ್ನು ತಡ ಮಾಡುತ್ತಿದ್ದಳು. ಅವಳ ಲೆಕ್ಕದಲ್ಲಿ ಊಟವೆಂದರೆ ರಾಗಿ ಮುದ್ದೆ, ಕೋಳಿ ಸಾರು. ಅನ್ನ ಸಹ ಆಮೇಲೆ ಬಾಯಾಡಿಸುವುದಕ್ಕೆ ಇರುವಂಥದ್ದು. ಉಂಡೆ ಕಟ್ಟಲಾಗದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ಅವಳು ಯಾರ ಮುಂದೆ ಬೇಕಾದರೂ ವಾದಿಸುತ್ತಿದ್ದಳು, ಗೆಲ್ಲುತ್ತಲೂ ಇದ್ದಳು, ಏಕೆಂದರೆ ಬಡಿಸುವ ಸೌಟು ಅವಳ ಕೈಯಲ್ಲೇ ಇರುತ್ತಿತ್ತು.

ಈ ಮನೆಗೆ ರತ್ನತ್ತೆ ಬಂದಳು. ಅತ್ತೆ ಎಂದರೆ ಅಪ್ಪನ ತಂಗಿ. ಅವಳ ಗಂಡ ಶಿವಣ್ಣ ಮಾವ ಲಿಬಿಯಾದಲ್ಲಿ ರಸ್ತೆ ಹಾಕುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು, ಅತ್ತೆಯೂ ಜೊತೆಗೇ ಹೋಗಿದ್ದಳು. ಮಕ್ಕಳಿರಲಿಲ್ಲ. ಮಾವ ಒಂದು ಮಧ್ಯಾಹ್ನ ಎದೆನೋವು ಎಂದು ಮಲಗಿದವರು ಏಳಲಿಲ್ಲ. ದೇಹವನ್ನು ಕುಣಿಗಲ್ ಹತ್ತಿರದ ಅವರ ಊರಿಗೆ ತಂದು ಮಣ್ಣು ಮಾಡಿದರು. ತಿಥಿ ಮುಗಿದ ಮಾರನೇ ದಿನವೇ, ಮಗನನ್ನು ಕಡಲಾಚೆ ಕರೆದುಕೊಂಡು ಹೋಗಿ ಕಳೆದವಳು ಎಂದು ಅತ್ತೆಯ ಅತ್ತೆಮಾವ ಅವಳನ್ನು ಟ್ರಂಕಿನ ಸಮೇತ ತವರಿಗೆ ಕಳಿಸಿಬಿಟ್ಟರು. ಆ ಟ್ರಂಕಿನಲ್ಲಿ ಸೀರೆಗಿಂತ ಹೆಚ್ಚಾಗಿ ಇದ್ದದ್ದು ಅಡುಗೆಯ ಸಾಮಾನು: ಎರಡಂತಸ್ತಿನ ಒಂದು ಅಲ್ಯೂಮಿನಿಯಂ ಪಾತ್ರೆ, ಚಕ್ಕೆ, ಒಣಶುಂಠಿ ಪುಡಿ, ಕುಸ್ಕುಸ್ ಪೊಟ್ಟಣಗಳು. ತಾತ ಅವಳನ್ನು ಪ್ರೀತಿಯಿಂದಲೇ ಒಳಗೆ ಕರೆದುಕೊಂಡರು, ಆದರೆ ಟ್ರಂಕನ್ನು ಕೋಣೆಗೆ ಸಾಗಿಸಲು ಬಿಡಲಿಲ್ಲ. ನಡುಮನೆಯ ಕಿಟಕಿ ಕೆಳಗೇ ಇಡಿಸಿದರು. ನಾಲ್ಕು ದಿನ ಇದ್ದು ಹೋಗುವವಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರಿಗೆ ಮಗಳು ಭಾರವಾಗಿರಲಿಲ್ಲ. ಗಂಡನ ಮನೆಯವರು ಸಿಟ್ಟಿಳಿದು ಒಂದು ದಿನ ಬಂದೇ ಬರುತ್ತಾರೆ, ಆಗ ನಾವೇ ಬಾಗಿಲು ಮುಚ್ಚಿದ್ದೆವು ಅನ್ನಿಸಿಕೊಳ್ಳಬಾರದು ಎಂಬ ಆಸೆ ಅವರದು. ಆ ಆಸೆಯಿಂದ ಅತ್ತೆ ಮಾತ್ರ ಸೊರಗಿದಳು. ಹುಟ್ಟಿದ ಮನೆಯಲ್ಲಿ ನೆಂಟರ ಹಾಗೆ, ಲೋಟ ಬೇಕಾದರೂ ಅಮ್ಮನನ್ನು ಕೇಳಿ ತೆಗೆದುಕೊಳ್ಳುತ್ತಿದ್ದಳು.

ಅವಳು ಕೇಳದೆ ಮಾಡಿದ ಮೊದಲ ಕೆಲಸವೆಂದರೆ ಆ ಕೋಳಿ. ಒಂದು ಭಾನುವಾರ ಅಜ್ಜಿಗೆ ಮೈ ಸರಿಯಿರಲಿಲ್ಲ, ಅತ್ತೆ ಹಿತ್ತಲಿಗೆ ಇಳಿದಳು, ನಾನು ಬಾಲದ ಹಾಗೆ ಹಿಂದೆ ಹೋದೆ. ಜೀರಿಗೆ, ಕೊತ್ತಂಬರಿ ಬೀಜ ಹುರಿದು ಕುಟ್ಟಿದ ಪುಡಿಗೆ ಅರಿಶಿನ, ಒಣಶುಂಠಿ, ಚಕ್ಕೆ, ಸ್ವಲ್ಪವೇ ಖಾರದಪುಡಿ ಸೇರಿಸಿ, ನಿಂಬೆಹಣ್ಣು ಹಿಂಡಿ ನನ್ನ ಕೈಗೆ ಕೊಟ್ಟಳು. ತುಂಡುಗಳಿಗೆ ಉಜ್ಜು, ಮಗುವಿಗೆ ಎಣ್ಣೆ ಹಚ್ಚುವಾಗ ಹೇಗೋ ಹಾಗೆ, ಸಂದುಗೊಂದು ಬಿಡಬೇಡ ಅಂದಳು. ಅದು ನೆನೆಯುವಷ್ಟರಲ್ಲಿ ಈರುಳ್ಳಿಯನ್ನು ಕಂದಾಗುವವರೆಗೂ ಬಾಡಿಸಿದಳು. ಕೋಳಿಯನ್ನು ಮಗುಚಿ ಮಗುಚಿ ಕೆಂಪಗೆ ಹುರಿದು, ಮುಳುಗುವಷ್ಟು ನೀರಿಟ್ಟು, ಮೇಲಂತಸ್ತಿನ ತೂತುಗಳ ಪಾತ್ರೆಯಲ್ಲಿ ಕುಸ್ಕುಸ್ ಹರಡಿ ಹಬೆಗೆ ಬಿಟ್ಟಳು. ಆ ಅಡುಗೆಯನ್ನು ಅವಳಿಗೆ ಹೇಳಿಕೊಟ್ಟದ್ದು ಅಲ್ಲಿನ ಪಕ್ಕದ ಮನೆಯ ಜೊಹ್ರಾ ಎಂಬ ಮೊರಾಕೊ ಹೆಂಗಸಂತೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಗೋಡೆಯ ಆಚೆಯಿಂದ ಒಬ್ಬಳು ಮಾಡಿ ತೋರಿಸುವುದು, ಈಚೆಯಿಂದ ಇನ್ನೊಬ್ಬಳು ನೋಡುವುದು. ಶುಕ್ರವಾರ ರಜೆ, ಶುಕ್ರವಾರ ಇದೇ ಊಟ. ಮಾವ ಮೊದಲ ಸಲ ತಟ್ಟೆ ತಳ್ಳಿದ್ದರಂತೆ. ಆಮೇಲೆ ಶುಕ್ರವಾರ ಯಾವಾಗ ಬರುತ್ತದೋ ಎಂದು ಕಾಯುವ ಹಾಗಾದರಂತೆ. ಇದನ್ನು ಹೇಳುವಾಗ ಅತ್ತೆ ನಗುತ್ತಿದ್ದಳು, ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆಂದ ಕಾಳನ್ನು ಅವಳು ತಟ್ಟೆಗೆ ಸುರಿದು, ತುಪ್ಪ ಸವರಿ ಉದುರಿಸಿ, ಖರ್ಜೂರ, ಒಣದ್ರಾಕ್ಷಿ, ಕಿತ್ತಳೆ ತೊಳೆ ಹಾಕುವ ಹೊತ್ತಿಗೆ ಅಜ್ಜಿ ಹೊದ್ದುಕೊಂಡೇ ಎದ್ದು ಬಂದಳು.

"ಅದೇನೇ ಅದು, ಪಾಯಸಕ್ಕೆ ಹಾಕೋದ್ನೆಲ್ಲ ಕೋಳಿ ಪಕ್ಕ ಸುರೀತಿದೀಯ?"

"ಒಂದ್ಸಲ ರುಚಿ ನೋಡವ್ವ."

"ನಾನು ನೋಡಲ್ಲ. ನಿಮ್ಮಪ್ಪಂಗೂ ಇಡ್ಬೇಡ, ನನ್ನ ಮರ್ಯಾದೆ ಹೋಗುತ್ತೆ."

ತಾತ ಅಂದು ಅಮ್ಮ ಮಾಡಿದ ತಿಳಿಸಾರಿನಲ್ಲಿ ಮುದ್ದೆ ಉಂಡರು. ಕುಸ್ಕುಸ್ ತಟ್ಟೆಯ ಕಡೆ ಕಣ್ಣು ಹಾಯಿಸಲೂ ಇಲ್ಲ. ಅಪ್ಪ ದಾಕ್ಷಿಣ್ಯಕ್ಕೆ ಎರಡು ತುತ್ತು ತಿಂದು ಚೆನ್ನಾಗಿದೆ ಎಂದು ಎದ್ದರು. ನಾನು ಎರಡು ತಟ್ಟೆ ತಿಂದೆ. ಮೊದಲ ತುತ್ತಿಗೇ ಖಾರದ ಹಿಂದೆ ಕಿತ್ತಳೆಯ ಹುಳಿ ಬಂತು, ಹುಳಿಯ ಹಿಂದೆ ಖರ್ಜೂರ. ನಾಲಿಗೆಗೆ ಇಂಥದ್ದೊಂದು ಕೆಲಸವಿದೆ ಎಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ಮನೆಯ ದೊಡ್ಡವರೆಲ್ಲ ಬೇಡವೆಂದದ್ದು ನನಗೆ ಬೇಕು ಅನ್ನಿಸಿತು, ಬೇಕು ಎಂದು ಎಲ್ಲರ ಮುಂದೆ ಹೇಳಿದೆ, ಆಕಾಶವೇನೂ ಕಳಚಿ ಬೀಳಲಿಲ್ಲ. ನನಗೆ ಹಟಮಾರಿ ಎಂಬ ಹೆಸರು ಬಂದದ್ದು ಆ ದಿನವೇ ಇರಬೇಕು. ಒಳ್ಳೆಯ ಹೆಸರು, ಇಂದಿಗೂ ಬಿಟ್ಟುಕೊಟ್ಟಿಲ್ಲ. ಅಲ್ಲಿಂದ ಮುಂದೆ ಆಗಾಗ ಅತ್ತೆ ಅದನ್ನು ಮಾಡುವುದು, ನಾನೂ ಅವಳೂ ಹಿತ್ತಲಲ್ಲಿ ಕೂತು ತಿನ್ನುವುದು, ಅಜ್ಜಿ ದೂರದಿಂದ ಗೊಣಗುವುದು ಮನೆಯ ಪದ್ಧತಿಯೇ ಆಯಿತು. ತಿಂದು ಕೈತೊಳೆಯುವಾಗ ಅತ್ತೆ ಮಾವನ ಬಗ್ಗೆ ಏನಾದರೊಂದು ಹೇಳುತ್ತಿದ್ದಳು. ಬೇರೆ ಹೊತ್ತಿನಲ್ಲಿ ಅವರ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ವರ್ಷ ಕಳೆಯಿತು. ಮಾವನ ವರ್ಷದ ತಿಥಿಗೆಂದು ಕುಣಿಗಲ್‌ಗೆ ಹೋದ ಅತ್ತೆಯನ್ನು ಗಂಡನ ಮನೆಯವರು ಜಗಲಿಯಿಂದಲೇ ಹಿಂದಕ್ಕೆ ಕಳಿಸಿದರು. ಸ್ವಲ್ಪ ದಿನಕ್ಕೇ ಪಿತೃಪಕ್ಷ ಬಂತು. ನಮ್ಮ ಕಡೆ ಇದು ದೊಡ್ಡ ಹಬ್ಬ. ಸತ್ತ ಹಿರಿಯರಿಗೆ ಯಾವುದು ಇಷ್ಟವಿತ್ತೋ ಅದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಬಡಿಸಿ ಅವರ ಪಟಗಳ ಮುಂದೆ ಇಡುತ್ತೇವೆ. ಅದೇ ಎಡೆ. ಮುತ್ತಜ್ಜನಿಗೆ ಕೋಳಿ ಸಾರಿನ ಜೊತೆ ಬೀಡಿ ಕಟ್ಟು, ಮುತ್ತಜ್ಜಿಗೆ ಎಲೆಯಡಿಕೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಹಬ್ಬಕ್ಕೆ ಇನ್ನೂ ಸ್ವಲ್ಪ ದಿನವಿರುವಾಗ, ಒಂದು ಸಂಜೆ ತಾತ ಜಗಲಿಯಲ್ಲಿ ಕೂತಿದ್ದರು. ಅತ್ತೆ ಕಾಫಿ ತಂದುಕೊಟ್ಟು ಅಲ್ಲೇ ನಿಂತಳು. ಕಂಬಕ್ಕೆ ಒರಗಿ ಪಾಠ ಬರೆಯುತ್ತಿದ್ದ ನನಗೆ ಎಲ್ಲ ಕೇಳಿಸಿತು.

"ಅಪ್ಪಾ, ಈ ಸಲ ಅವರಿಗೂ ಒಂದು ಎಲೆ ಹಾಕೋಣ."

"ನಮ್ಮನೆ ಎಡೆ ನಮ್ಮ ಹಿರೀಕರಿಗಮ್ಮ. ಅಳಿಯಂದಿರ ಎಡೆ ಅವರ ಮನೇಲಿ ಇಡ್ತಾರೆ. ಅದು ಪದ್ಧತಿ."

"ಅವರಿಗೇನು ಇಷ್ಟ ಅಂತ ಅಲ್ಲಿ ಯಾರಿಗೆ ಗೊತ್ತಿದೆ?"

"ಸ್ವಲ್ಪ ತಾಳ್ಕೋ. ಇವತ್ತಲ್ಲ ನಾಳೆ ಬಂದು ಕರೀತಾರೆ. ಇಲ್ಲಿ ಎಲೆ ಹಾಕ್ಬಿಟ್ರೆ, ನೀನು ಆ ಮನೆ ಬಿಟ್ಟೆ ಅಂತ ನಾವೇ ಸಾರಿದಂಗೆ."

"ಆ ಮನೆ ನನ್ನ ಬಿಟ್ಟಾಯ್ತಲ್ಲಪ್ಪಾ. ಇದೂ ನನ್ನದಲ್ಲ ಅಂದ್ರೆ ನಾನೆಲ್ಲಿ ಕೂತು ಅವರನ್ನ ನೆನೆಸ್ಕೊಳ್ಳಲಿ?"

ತಾತ ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ಅವರು ಉತ್ತರ ಕೊಡದಿದ್ದರೆ ಇಲ್ಲ ಎಂದೇ ಅರ್ಥ, ಅದು ಡಿಪೋದ ಆಳುಗಳಿಗೂ ಗೊತ್ತಿತ್ತು. ಅತ್ತೆ ಒಳಗೆ ಬಂದು ಕೊನೆಯ ಕುಸ್ಕುಸ್ ಪೊಟ್ಟಣವನ್ನು ಒಂದು ಡಬ್ಬಿಗೆ ಹಾಕಿ ಹಿತ್ತಲ ಗೂಡಿನಲ್ಲಿಟ್ಟಳು. ಎಲೆ ಹಾಕದಿದ್ದರೆ ಬೇಡ, ಆ ದಿನ ಮಾಡಿಯೇ ಮಾಡುತ್ತೇನೆ, ನೀನೂ ನಾನೂ ತಿನ್ನೋಣ ಎಂದು ನನಗೆ ಹೇಳಿದಳು. ನನಗೆ ತಾತನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅಂದು ಅವರ ಪಕ್ಕ ಊಟಕ್ಕೆ ಕೂರಲಿಲ್ಲ. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ, ನನಗಂತೂ ಸಮಾಧಾನವಾಯಿತು.

ಹಬ್ಬದ ಬೆಳಿಗ್ಗೆ ಅತ್ತೆ ತಲೆಗೆ ನೀರು ಹಾಕಿಕೊಂಡು, ಕೂದಲಿಗೆ ಟವೆಲ್ ಸುತ್ತಿ ಹಿತ್ತಲಿಗೆ ಬಂದಾಗ ಗೂಡಿನಲ್ಲಿ ಡಬ್ಬಿ ಇರಲಿಲ್ಲ. ಅಜ್ಜಿ ಒಲೆಯ ಮುಂದೆ ಕೂತಿದ್ದಳು, ಮುಖದ ತುಂಬ ಬೆವರು. ಅವಳ ಮುಂದಿನ ಮರದ ಹಲಗೆಯ ಮೇಲೆ ಬಿಳಿಬಿಳಿ ಮುದ್ದೆಗಳು, ಗೋಂದಿನ ಹಾಗೆ ಅಂಟಂಟಾಗಿ, ಒಂದಕ್ಕೊಂದು ಒರಗಿಕೊಂಡು. ಕುದಿಯುವ ನೀರಿಗೆ ಕುಸ್ಕುಸ್ ಸುರಿದು, ಮುದ್ದೆ ಕೋಲಿನಲ್ಲಿ ಬಲವಾಗಿ ತೊಳಸಿದ್ದಳು.

"ಅವ್ವಾ, ಡಬ್ಬೀಲಿದ್ದದ್ದು?"

"ಅದೇ ಕಣೇ ಇದು. ನಿನ್ನ ಗಂಡಂಗೆ. ನಿಮ್ಮಪ್ಪ ಏನಾದ್ರೂ ಅನ್ಲಿ, ಎಲೆ ನಾನು ಹಾಕ್ತೀನಿ. ಮುದ್ದೆ ಇಲ್ದೆ ಎಂಥ ಎಡೆ ಅಂತ ಕಟ್ಟಿಟ್ಟೆ. ಯಾಕೋ ಈ ಹಿಟ್ಟು ಸ್ವಲ್ಪ ಜಿಗುಟು."

ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು ಅತ್ತಳು. ತವರಿಗೆ ಬಂದ ಮೇಲೆ ಅವಳು ಯಾರೆದುರೂ ಅತ್ತಿರಲಿಲ್ಲ. ಅಜ್ಜಿ ಬೆಚ್ಚಿಬಿದ್ದಳು.

"ಯಾಕೇ, ಕೆಟ್ಟೋಯ್ತೇನೇ? ಹೇಳೇ."

"ಕಾಳು ಕೆಟ್ಟೋಯ್ತವ್ವ. ಹೋಗ್ಲಿ ಬಿಡು. ಎಲೆ ನಾನು ಹಾಕ್ತೀನಿ ಅಂದ್ಯಲ್ಲ, ಅಷ್ಟು ಸಾಕು ನಂಗೆ."

ನನಗೆ ಅಷ್ಟು ಸಾಕೆನಿಸಲಿಲ್ಲ. ಜೊಹ್ರಾ ಮನೆಯಲ್ಲೇ ರವೆಯಿಂದ ಕಾಳು ಮಾಡುತ್ತಿದ್ದರು ಎಂದು ಅತ್ತೆಯೇ ಹೇಳಿದ್ದಳಲ್ಲ, ನಾವೂ ಮಾಡೋಣ ಅಂದೆ. ನಾನು ಬರೀ ನೋಡಿದ್ದೇನೆ, ಒಂದು ಸಲವೂ ಮಾಡಿಲ್ಲ ಅಂದಳು ಅತ್ತೆ. ಹಾಗಾದರೆ ನೋಡಿದ್ದನ್ನು ಹೇಳು ಅಂದೆ. ಅಮ್ಮನ ಅಡುಗೆಮನೆಯಿಂದ ಚಿರೋಟಿ ರವೆ, ಗೋಧಿ ಹಿಟ್ಟು, ಜರಡಿ ತಂದೆ. ಅತ್ತೆ ಮೊರದಗಲದ ತಟ್ಟೆಯಲ್ಲಿ ರವೆ ಹರಡಿ, ಉಪ್ಪುನೀರು ಚಿಮುಕಿಸಿ, ಮೇಲೆ ಹಿಟ್ಟು ಉದುರಿಸಿ ಅಂಗೈಯಲ್ಲಿ ಸುತ್ತ ಆಡಿಸಿದಳು. ನೀರು ಜಾಸ್ತಿಯಾಗಿ ಮೆತ್ತಗಾಯಿತು. ಅಜ್ಜಿ ಸರಿ ಎಂದು ತಾನೂ ಕೂತಳು, ಆದರೆ ಜೀವನವಿಡೀ ಮುದ್ದೆ ಕಟ್ಟಿದ ಕೈ ಅದು, ಮುಟ್ಟಿದ್ದನ್ನೆಲ್ಲ ಅದುಮುತ್ತದೆ. ಅವಳ ತಟ್ಟೆಯಲ್ಲಿ ಗೋಲಿಗಳಾದವು. ನಾನು ಕೈಯನ್ನು ಅದುಮದೆ, ತಟ್ಟೆಗೆ ತಾಗಿಯೂ ತಾಗದ ಹಾಗೆ ಇಟ್ಟು ತಿರುಗಿಸಿದೆ. ರವೆ ಬೆರಳಿನ ಕೆಳಗೆ ಓಡತೊಡಗಿತು, ಓಡುತ್ತ ಓಡುತ್ತ ಕಾಳುಗಟ್ಟಿತು. ಜರಡಿ ಹಿಡಿದರೆ ಹಿಟ್ಟು ಕೆಳಗೆ, ಕಾಳು ಮೇಲೆ. ಅತ್ತೆ ನಾಲ್ಕು ಕಾಳನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಇವಳ ಕೈಗೆ ಬಂತು ನೋಡವ್ವ."

ಶಾಲೆಯಲ್ಲಿ ನನ್ನನ್ನು ಯಾರೂ ಹಾಗೆ ಹೊಗಳಿದ್ದಿಲ್ಲ, ನಾನು ಹೊಗಳುವಂಥದ್ದು ಮಾಡಿದ್ದೂ ಇಲ್ಲ. ಆದರೆ ಆ ಒಂದು ಮಾತು ನನಗೆ ಮುಂದೆ ಬಹಳ ಕಾಲ ಸಾಕಾಯಿತು. ಹೊಸ ಊರು, ಗಂಡನ ಮನೆ, ನಲವತ್ತು ದಾಟಿದ ಮೇಲೆ ಗವಿಪುರದಲ್ಲಿ ಒಬ್ಬಳೇ ನಿಂತು ಶುರು ಮಾಡಿದ ಅಡುಗೆ ಕ್ಲಾಸು, ಎಲ್ಲಿ ಹೋದರೂ ಒಳಗೆ ಕಾಲಿಡುವಾಗ ನನ್ನ ಕೈಗೆ ಬರುತ್ತದೆ ಎಂದುಕೊಂಡೇ ಕಾಲಿಟ್ಟಿದ್ದೇನೆ. ಕ್ಲಾಸಿಗೆ ಬರುವ ಹುಡುಗಿಯರಿಗೂ ಹೇಳುತ್ತೇನೆ: ಕೋಳಿಗೆ ಮಸಾಲೆ ಉಜ್ಜುವಾಗ ಬಲ ಹಾಕಿ, ಕಾಳು ಮಾಡುವಾಗ ಕೈಯಲ್ಲಿ ಬಲವೇ ಇಲ್ಲ ಎಂದುಕೊಳ್ಳಿ. ಒಂದೇ ಕೈ ಎರಡನ್ನೂ ಕಲಿಯಬೇಕು. ಕಾಳನ್ನು ಒಂದೇ ಸಲ ಬೇಯಿಸಿ ಮುಗಿಸಬೇಡಿ, ಹಬೆಯಿಂದ ಇಳಿಸಿ, ತುಪ್ಪ ಸವರಿ ಬಿಡಿಸಿ, ಮತ್ತೆ ಹಬೆಗೆ ಏರಿಸಿ. ಹಣ್ಣನ್ನು ಒಲೆ ಆರಿದ ಮೇಲೆ ಹಾಕಿ, ಇಲ್ಲದಿದ್ದರೆ ಅಜ್ಜಿ ಅಂದ ಹಾಗೆ ಪಾಯಸವಾಗುತ್ತದೆ. ಆ ದಿನ ನಾವು ಹಾಗೆಯೇ ಮಾಡಿದೆವು. ಹಬ್ಬಕ್ಕೆ ತಂದಿಟ್ಟಿದ್ದ ಹಣ್ಣಿನ ಬುಟ್ಟಿಯಿಂದ ಕಿತ್ತಳೆಯನ್ನೂ ದಾಳಿಂಬೆಯನ್ನೂ ಅಜ್ಜಿಯೇ ಆರಿಸಿ ಕೊಟ್ಟಳು. ಆರಿಸುವಾಗ ಗೊಣಗಿದಳು, ಆದರೆ ಒಳ್ಳೆಯದನ್ನೇ ಆರಿಸಿದ್ದಳು.

ಮಧ್ಯಾಹ್ನ ತಾತ ಡಿಪೋದಿಂದ ಬಂದು, ಸ್ನಾನ ಮಾಡಿ, ಹೊಸ ಪಂಚೆ ಉಟ್ಟು ನಡುಮನೆಗೆ ಬಂದರು. ಪಟಗಳ ಮುಂದೆ ಎಲೆಗಳು ಸಾಲಾಗಿದ್ದವು: ಮುದ್ದೆ, ಕೋಳಿ ಸಾರು, ವಡೆ, ಕಡುಬು, ಪಕ್ಕದಲ್ಲಿ ಬೀಡಿ, ಎಲೆಯಡಿಕೆ. ಸಾಲಿನ ತುದಿಯಲ್ಲಿ ಪಟವಿಲ್ಲದ ಒಂದು ಎಲೆ, ಅದರ ಮೇಲೆ ಕೆಂಪಗೆ ಹುರಿದ ಕೋಳಿ, ಪಕ್ಕದಲ್ಲಿ ಹಬೆಯಾಡುವ ಕುಸ್ಕುಸ್. ಮಾವನ ಪಟ ನಮ್ಮ ಗೋಡೆಯ ಮೇಲೆ ಇರಲಿಲ್ಲ. ತಾತ ನೋಡಿದರು. ಅತ್ತೆ ಬಾಗಿಲ ಹೊರಗೇ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. ಆ ಎಲೆಯನ್ನು ಎತ್ತು ಎಂದು ತಾತ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅತ್ತೆ ಮತ್ತೆ ಆ ಮನೆಯಲ್ಲಿ ನಗುತ್ತಿರಲಿಲ್ಲ.

"ಎಲೆ ಹಾಕಿದ್ದು ನಾನು," ಅಂದಳು ಅಜ್ಜಿ.

"ಕಾಳು ಮಾಡಿದ್ದು ನಾನು ತಾತ," ಅಂದೆ ನಾನು. "ಮಾವಂಗೆ ಇದೇ ಇಷ್ಟ."

ತಾತ ಅತ್ತೆಯ ಕಡೆ ತಿರುಗಿದರು.

"ಶುಕ್ರವಾರ ಶುಕ್ರವಾರ ಮಾಡ್ತಿದ್ದೆ ಅಂತ ಮಗೂಗೆ ಹೇಳ್ತಿರ್ತೀಯಲ್ಲ, ಅದೇನಾ?"

"ಹೂಂ ಅಪ್ಪಾ."

ಹಿತ್ತಲಿನ ನಮ್ಮ ಮಾತು ಅವರ ಕಿವಿಗೆ ಬೀಳುತ್ತಿತ್ತೆಂದು ನನಗೆ ಅಂದೇ ತಿಳಿದದ್ದು. ಅವರು ಸಾಂಬ್ರಾಣಿ ಹೊಗೆ ಹಿಡಿದು, ಎಲ್ಲ ಎಲೆಗೂ ನೀರು ಬಿಟ್ಟರು, ತುದಿಯ ಎಲೆಗೂ ಬಿಟ್ಟರು. ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಎಡೆ ಇಟ್ಟ ಕೋಣೆಯಲ್ಲಿ ಬದುಕಿರುವವರು ನಿಲ್ಲಬಾರದು. ಮನೆಯ ಯಜಮಾನ ಹೊಸ್ತಿಲಲ್ಲಿ ನಿಂತು ಹಿರಿಯರನ್ನು ಹೆಸರು ಹಿಡಿದು ಊಟಕ್ಕೆ ಕರೆದು ಬಾಗಿಲು ಮುಚ್ಚಬೇಕು, ಅವರು ಬಂದು ಉಣ್ಣುತ್ತಾರೆ. ತಾತ ತಮ್ಮ ಅಪ್ಪನನ್ನು ಕರೆದರು, ಅವ್ವನನ್ನು ಕರೆದರು, ಚಿಕ್ಕಂದಿನಲ್ಲೇ ಹೋದ ತಮ್ಮನನ್ನು ಕರೆದರು. ಎಲ್ಲರಿಗೂ ಏಕವಚನ, ಎಲ್ಲರಿಗೂ ಬಾ. ಆಮೇಲೆ ಬಾಗಿಲಿನ ಚಿಲಕ ಹಿಡಿದುಕೊಂಡು ಸುಮ್ಮನೆ ನಿಂತರು. ನಿಂತೇ ಇದ್ದರು. ಅತ್ತೆ ಕಣ್ಣು ಮುಚ್ಚಿಕೊಂಡಳು. ತಾತ ಹೆಗಲ ಮೇಲಿನ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಜಗಲಿಯಲ್ಲಿ ಬಂದು ನಿಂತ ನೆಂಟರನ್ನು ಒಳಗೆ ಕರೆಯುವ ದನಿಯಲ್ಲಿ, ಆ ಖಾಲಿ ಕೋಣೆಗೆ ಹೇಳಿದರು:

"ಅಳಿಯಂದಿರೇ, ನೀವೂ ಬನ್ನಿ. ನಿಮ್ಮನ್ನ ಕರೆಯೋದು ತಡ ಆಯ್ತು, ಮನಸಲ್ಲಿ ಇಟ್ಕೋಬೇಡಿ. ಕೂತ್ಕೊಂಡು ನಿಧಾನಕ್ಕೆ ಊಟ ಮಾಡಿ. ರತ್ನನ ಬಗ್ಗೆ ಯೋಚನೆ ಬೇಡ, ಅವಳು ಅವಳ ಮನೇಲೇ ಇದಾಳೆ."